ಗಾಜಿನಾಚೆಯ ರೊಟ್ಟಿ

ಜನರೆಲ್ಲ ಊಟ ಬಿಟ್ಟು ಗುಳಿಗೆಗೆ ಒಗ್ಗಿಕೊಂಡ ಮೇಲೆ ಅಡುಗೆ ಉಳಿದದ್ದು ಜಿಲ್ಲಾ ವಸ್ತುಸಂಗ್ರಹಾಲಯದಲ್ಲಿ ಮಾತ್ರ. ಅಲ್ಲಿ ಹುಲ್ಲು ತುಂಬಿದ ಕರಡಿಯ ಪಕ್ಕದ ಗಾಜಿನ ಕೋಣೆಯಲ್ಲಿ ನನ್ನವ್ವ ದಿನವೂ ಜೋಳದ ರೊಟ್ಟಿ ಬಡಿಯುತ್ತಾಳೆ.

ಇವತ್ತು ನನ್ನ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕಾಯಿತು. ಅವ್ವ ಹಿಟ್ಟು ಬಡಿದಂತೆಲ್ಲ ನನ್ನ ಅಂಗೈಯೂ ತಾನಾಗಿ ಹಾಜರಿ ಪುಸ್ತಕದ ಮೇಲೆ ಬಡಿಯುತ್ತಿತ್ತು. ನೀಲಾಂಬಿಕಾ ಎಂಬ ಹುಡುಗಿ ಅದನ್ನು ನೋಡಿಬಿಟ್ಟಳು.

“ಟೀಚರ್, ನಿಮಗೂ ಬರತೈತೇನ್ರಿ? ಆಕಿ ನಿಮಗ ಏನಾಗಬೇಕ್ರಿ?”

“ಏನೂ ಆಗಬೇಕಿಲ್ಲ. ಮುಂದ ನಡಿ.”

ಹೊರಗಿನ ಮಾತು ಒಳಗೆ ಕೇಳಿಸುವಂಥ ಕಿಂಡಿಯೊಂದು ಗಾಜಿನಲ್ಲಿದ್ದದ್ದು ನನಗೆ ಮರೆತೇಹೋಗಿತ್ತು.

ಅವ್ವ ತಲೆಯೆತ್ತಲಿಲ್ಲ. ಕೊನೆಗುಳಿದ ಚೂರು ಹಿಟ್ಟಿನಲ್ಲಿ, ನಾನು ಚಿಕ್ಕವಳಿದ್ದಾಗ ನನಗೆಂದೇ ಮಾಡುತ್ತಿದ್ದ ಅಂಗೈಯಗಲದ ರೊಟ್ಟಿ ಬಡಿದಳು. ಬೇಯಿಸಿ, ಕಿಂಡಿಯಲ್ಲಿಟ್ಟು, “ಹಸಿವಾಗೇತೇನ್ರಿ, ಟೀಚರ್?” ಎಂದಳು.