ಹತ್ತು ಎಣಿಸಿ

"ನಾಡಿ ಇಲ್ಲ" ಎಂದು ಘೋಷಿಸಿ ಅವಳು ಎದೆ ಒತ್ತಲು ಎರಡೂ ಕೈ ಜೋಡಿಸಿದಳು. ನೆಲದ ಮೇಲೆ ಬಿದ್ದಿದ್ದ ರೋಗಿ ಒಂದು ಕಣ್ಣು ತೆರೆದು, "ಇದೆ ಕಣಮ್ಮಾ" ಅಂದ.

ರೋಗಿ ಅಂದರೆ ನಿಜವಾದ ರೋಗಿಯಲ್ಲ, ತರಬೇತಿ ಕೇಂದ್ರದ ಆಂಬುಲೆನ್ಸ್ ಡ್ರೈವರ್. ಹದಿನಾರು ವರ್ಷದಿಂದ ಪ್ರತಿ ಪ್ರಾಯೋಗಿಕ ಪರೀಕ್ಷೆಯಲ್ಲೂ ಪ್ರಜ್ಞೆ ತಪ್ಪಿ ಬೀಳುವ ಕೆಲಸ ಅವನದೇ. ಅವಳೋ ಆರು ತಿಂಗಳು ರಬ್ಬರ್ ಬೊಂಬೆಯ ಕುತ್ತಿಗೆ ಮುಟ್ಟಿ ಮುಟ್ಟಿ 'ನಾಡಿ ಇಲ್ಲ' ಅನ್ನುವುದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಬೊಂಬೆಗೆ ನಾಡಿ ಎಲ್ಲಿಂದ ಬರಬೇಕು? ಹತ್ತು ಸೆಕೆಂಡ್ ಎಣಿಸಬೇಕಾದ ಕಡೆ ಎರಡಕ್ಕೇ ಬೆರಳು ಎತ್ತಿದ್ದಳು. ಪರೀಕ್ಷಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಬದುಕಿರೋರನ್ನ ಉಳಿಸೋದು ನಮ್ಮ ಕೋರ್ಸಲ್ಲಿ ಇಲ್ಲಮ್ಮಾ" ಎಂದು ಸೊನ್ನೆ ಹಾಕಿದರು. ಉಳಿದಿದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಕೋರ್ಸಿನಿಂದಲೇ ಆಚೆ.

ಸ್ಟ್ರೆಚರ್ ಮೆಟ್ಟಿಲಿಳಿಸುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವುದು, ಹೀಗೆ ತಾನು ಕಲಿತದ್ದನ್ನೆಲ್ಲ ಅವಳು ಮೊದಲ ದಿನದಿಂದ ವಿಡಿಯೋ ಮಾಡಿ ಹಾಕುತ್ತಿದ್ದಳು. ತನ್ನಂತೆಯೇ ಆಂಬುಲೆನ್ಸ್ ಸಹಾಯಕರ ಕೆಲಸಕ್ಕೆ ಸೇರಬೇಕೆಂದಿದ್ದ ಹುಡುಗ ಹುಡುಗಿಯರು ಅದನ್ನು ನೋಡುತ್ತಿದ್ದರು. ಆ ಸಂಜೆ ಚಾಪೆ ಹಾಸಿ ಅಮ್ಮನನ್ನು ಡ್ರೈವರ್ ಪಾತ್ರಕ್ಕೆ ಕರೆದಳು.

"ಗೆದ್ದಿದ್ದನ್ನ ಹಾಕು, ಬೇಡ ಅನ್ನಲ್ಲ. ಸೋತಿದ್ದನ್ನ ಯಾರಾದ್ರೂ ಡಂಗುರ ಸಾರ್ತಾರಾ?" ಅಂದಳು ಅಮ್ಮ.

"ಹಿಂದೆ ಬರೋರೂ ಇದೇ ಗುಂಡಿಗೆ ಬೀಳ್ತಾರಮ್ಮಾ."

"ಬೀಳ್ಲಿ. ನಿನಗೂ ಜೊತೆ ಸಿಗುತ್ತೆ."

ಹಾಗಂದರೂ ಅಮ್ಮ ಸೆರಗು ಸರಿಮಾಡಿಕೊಂಡು ಮಲಗಿದಳು. ನಡೆದದ್ದನ್ನೆಲ್ಲ ಒಂದೂ ಬಿಡದೆ ಮಾಡಿ ತೋರಿಸಿ, ಕೊನೆಗೆ ಅವಳು ಹೇಳಿದ್ದು ಇಷ್ಟು: "ಹತ್ತು ಎಣಿಸಿ. ಬೆರಳಿಗೆ ಸಿಕ್ಕಿದ್ದನ್ನ ಹೇಳಿ, ಬಾಯಿಗೆ ಬಂದಿದ್ದನ್ನಲ್ಲ." ನಲವತ್ತು ಸಾವಿರ ಜನ ನೋಡಿದರು. ಮುಕ್ಕಾಲು ಪಾಲು ನಕ್ಕರು. ಅವಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿ ಎರಡು ದಿನ ಫೋನ್ ಮುಟ್ಟಲಿಲ್ಲ. ಮೂರನೇ ದಿನ ನೋಡಿದರೆ, ಕುತ್ತಿಗೆಯ ಯಾವ ಕಡೆ ಒತ್ತಬೇಕು, ಎಷ್ಟು ಗಟ್ಟಿಯಾಗಿ, ಎರಡು ಬೆರಳೋ ಮೂರೋ ಎಂದು ಕೇಳಿದವರೂ ನೂರಾರು ಜನ ಇದ್ದರು. ಕೂತು ಒಬ್ಬೊಬ್ಬರಿಗೂ ಉತ್ತರ ಬರೆದಳು.

ಮರುಪರೀಕ್ಷೆ ಮುಂದಿನ ಬ್ಯಾಚಿನ ಜೊತೆ. ಸಾಲಿನಲ್ಲಿ ಅವಳು ಎಂಟನೆಯವಳು. ಅವಳು ಒಳಗೆ ಹೋದಾಗ ಪರೀಕ್ಷಕರು ಗೊಣಗುತ್ತಿದ್ದರು. "ಏನಯ್ಯಾ ಇದು, ಬೆಳಿಗ್ಗೆಯಿಂದ ಏಳೂ ಜನ ಹತ್ತರ ತನಕ ಎಣಿಸ್ತಾರೆ. ಒಬ್ಬರೂ ಸಿಕ್ಕಿಬೀಳ್ತಿಲ್ಲ."

"ಇವಳ ವಿಡಿಯೋ ಸಾರ್," ಅಂದ ಡ್ರೈವರ್, ಕಣ್ಣು ಮುಚ್ಚಿಕೊಂಡೇ.

ಅವಳು ಮಂಡಿಯೂರಿ ಅವನ ಕುತ್ತಿಗೆಗೆ ಬೆರಳಿಟ್ಟಳು. ನಾಲ್ಕು ಬಡಿತ, ಒಂದು ಬಿಡುವು. ಎರಡು ಬಡಿತ, ಮತ್ತೆ ಬಿಡುವು. ಆಮೇಲೆ ಮೂರು ಬಡಿತ ಒಟ್ಟೊಟ್ಟಿಗೆ. ಹತ್ತು ಎಣಿಸಿ ಮುಗಿಯಿತು. ಬೆರಳು ಎತ್ತಲಿಲ್ಲ. ಪರೀಕ್ಷಕರ ಹಾಳೆಯಲ್ಲಿ ಸರಿಯುತ್ತರ ಮೊದಲೇ ಅಚ್ಚಾಗಿರುತ್ತದೆಂದು ಎಲ್ಲರಿಗೂ ಗೊತ್ತು: ನಾಡಿ ಇದೆ, ಎಪ್ಪತ್ತೆರಡು, ಕ್ರಮಬದ್ಧ. ಅಷ್ಟು ಹೇಳಿ ಎದ್ದರೆ ಪಾಸು.

"ನಾಡಿ ಇದೆ ಸಾರ್. ಆದ್ರೆ ಕ್ರಮವಾಗಿಲ್ಲ."

"ಹಾಳೆಯಲ್ಲಿ ಹಾಗಿಲ್ಲ. ಯೋಚನೆ ಮಾಡಿ ಹೇಳು."

ಅವಳು ಡ್ರೈವರನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದಳು. "ಹಾಳೆಯದು ನಂಗೊತ್ತಿಲ್ಲ. ಈ ಅಣ್ಣಂದು ತಪ್ಪಿ ತಪ್ಪಿ ಬಡೀತಿದೆ."

"ಒಂದ್ಸಲ ಫೇಲಾಗಿದ್ದೀಯ, ನೆನಪಿದೆ ತಾನೆ?"

"ನಲವತ್ತು ಸಾವಿರ ಜನಕ್ಕೆ ನೆನಪಿದೆ ಸಾರ್."

ಡ್ರೈವರ್ ಈಗ ಎರಡೂ ಕಣ್ಣು ಬಿಟ್ಟ. "ಅಲ್ಲಮ್ಮಾ, ಹೋದ್ಸಲ ಇಲ್ಲವೇ ಇಲ್ಲ ಅಂದೆ. ಈ ಸಲ ಸರಿಯಿಲ್ಲ ಅಂತೀಯ. ನಿಂಗೆ ನನ್ನ ಮೇಲೇನು ಕೋಪ?"

ಪರೀಕ್ಷಕರು ಕುರ್ಚಿಯಿಂದ ಎದ್ದು, ಮಂಡಿ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಕೂತರು. ಹದಿನಾರು ವರ್ಷದಲ್ಲಿ ಮೊದಲ ಸಲ ಅವನ ಕುತ್ತಿಗೆಗೆ ತಾವೇ ಬೆರಳಿಟ್ಟರು. ಹತ್ತರವರೆಗೆ ಬಾಯಿಬಿಟ್ಟು ಎಣಿಸಿದರು. ಆಮೇಲೆ ಬಾಯಿ ಮುಚ್ಚಿತು, ಬೆರಳು ಅಲ್ಲೇ ಇತ್ತು.

ಡ್ರೈವರ್ ತನ್ನದೇ ಆಂಬುಲೆನ್ಸಿನ ಹಿಂಭಾಗದಲ್ಲಿ ಮಲಗಿ ಆಸ್ಪತ್ರೆಗೆ ಹೋದ. ಗೇರ್ ಹಾಕೋ ರೀತಿನಾ ಇದು ಎಂದು ದಾರಿಯುದ್ದಕ್ಕೂ ಬೈದನಂತೆ. ಹೃದಯದ ತೊಂದರೆಯೇ, ಹೊತ್ತಿಗೆ ಸರಿಯಾಗಿ ಬಂದಿರಿ ಅಂದರು ಡಾಕ್ಟರು. ಪರೀಕ್ಷಕರು ಹಾಳೆಯಲ್ಲಿ ಅಚ್ಚಾಗಿದ್ದ 'ಕ್ರಮಬದ್ಧ'ದ ಮೇಲೆ ಗೆರೆ ಎಳೆದು, ಅವಳಿಗೆ ಪೂರ್ತಿ ಅಂಕ ಕೊಟ್ಟರು.

ಅವಳು ಇದನ್ನೂ ವಿಡಿಯೋ ಮಾಡಿ ಹಾಕಿದಳು. ಮೊದಲು ಬರೆದವನು ಅವತ್ತು ಸಾಲಿನಲ್ಲಿ ಮೂರನೆಯವನಾಗಿದ್ದ ಹುಡುಗ: "ಅಕ್ಕಾ, ನನ್ನ ಬೆರಳಿಗೂ ಹಾಗೇ ಸಿಕ್ಕಿತ್ತು. ನನ್ನದೇ ತಪ್ಪಿರಬೇಕು ಅಂದ್ಕೊಂಡು ಕ್ರಮಬದ್ಧ ಅಂದುಬಿಟ್ಟೆ. ಪಾಸಾದೆ."

ಸಂಜೆಯೊಳಗೆ ಅದರ ಕೆಳಗೆ ಆ ಸಾಲಿನ ಉಳಿದ ಆರೂ ಜನ 'ನಾನೂ' ಅಂತ ಬರೆದಿದ್ದರು.