ಗಾಲಿಗಿಟ್ಟ ನಿಂಬೆಹಣ್ಣು

ಮುಂದಿನ ಫ್ಯಾನನ್ನು ಕೈಯಿಂದ ತಿರುವಿದ್ದೇ ತಡ, ಇಂಜಿನ್ನು ಗುಡುಗಿತು. ಕಂಪ್ಲಿಯ ರೈಸ್‌ಮಿಲ್ ಮೆಕ್ಯಾನಿಕ್ ರೇವಣಸಿದ್ದ ಹತ್ತಿ ಕೂರುವ ಮೊದಲೇ, ಅವನು ಆರು ವರ್ಷ ಕೂತು ಕಟ್ಟಿದ ಒಂಟಿ ಸೀಟಿನ ವಿಮಾನ ಕೊಯ್ದ ಗದ್ದೆಯಲ್ಲಿ ಖಾಲಿಯಾಗಿಯೇ ಓಡತೊಡಗಿತು.

“ಗಾಲಿಗೆ ಅಡ್ಡ ಇಟ್ಟಿದ್ದ ಕಲ್ಲು ಎಲ್ಲಿ ಹೋದ್ವು?”

“ನಾನ ತೆಗದೀನ್ರಿ,” ಹೆಂಡತಿ ಗಂಗಾಂಬಿಕಾ ಅಂದಳು. “ಹೊಸ ಟ್ರ್ಯಾಕ್ಟರಿಗೆ ಇಡಾಹಂಗ ನಿಂಬಿಹಣ್ಣು ಇಟ್ಟೀನಿ.”

“ಎಲ್ಲಾ ಮಣ್ಣುಪಾಲು ಮಾಡಿದ್ಯಲ್ಲಾ!” ಹೊಡೆಯಲು ಕೈ ಎತ್ತಿದ.

ಅಷ್ಟರಲ್ಲಿ ವಿಮಾನ ನೆಲ ಬಿಟ್ಟಿತು. ತೆಂಗಿನಮರದೆತ್ತರಕ್ಕೆ ಏರಿದಾಗ ಎಡರೆಕ್ಕೆ ಬುಡದಲ್ಲೇ ಮುರಿಯಿತು. ಮೂತಿ ಕೆಳಗಾಗಿ ಬಿದ್ದ ರಭಸಕ್ಕೆ ಇಂಜಿನ್ನು ಸೀಟಿನೊಳಗೇ ಹೊಕ್ಕಿತು.

ರೇವಣಸಿದ್ದನ ಕೈ ಎತ್ತಿದ ಹಾಗೇ ಇತ್ತು. ಗಂಗಾಂಬಿಕಾಳೇ ಅದನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದಳು.