ಆರನೆಯ ಕೈ

ಆಸ್ಪತ್ರೆಯಲ್ಲಿ ಐದನೆಯ ಮುರಿದ ಕೈಗೆ ಪ್ಲಾಸ್ಟರ್ ಸುತ್ತುವ ಹೊತ್ತಿಗೆ ಕಾಂಪೌಂಡರನ ತಾಳ್ಮೆ ತಳ ಹತ್ತಿತ್ತು. ಆ ಕೈ ಅವನ ಅಕ್ಕನ ಮಗನದೇ.

"ನೀನ್ಯಾಕೋ ಬಿದ್ದೆ?"

"ಮುಂದಿನ ಬೈಕಿನವನು ಬಿದ್ದ, ಮಾವ."

"ಅವನು?"

"ಅವನ ಮುಂದಿನವನು ಬಿದ್ದ."

"ದೇವರೇ! ನಡುವೆ ನಾಲ್ಕು ಮಾರು ಜಾಗ ಬಿಟ್ಟಿದ್ರೆ ನಿಮ್ಮ ಸ್ನೇಹ ಹರಿದುಹೋಗ್ತಿತ್ತೇನ್ರೋ?"

ಅಷ್ಟರಲ್ಲಿ ಅವರ ಬೈಕ್ ತಂಡದ ಲೀಡರ್ ಒಳಗೆ ಬಂದ. ಎಲ್ಲರಿಗಿಂತ ಮುಂದಿದ್ದು, ಸೆಲ್ಫಿಗೆಂದು ಥಟ್ಟನೆ ಬ್ರೇಕ್ ಹಾಕಿದವನು ಇವನೇ. ಮೈಮೇಲೆ ಒಂದು ಗೀರೂ ಇಲ್ಲ.

"ಅಣ್ಣ, ಭಾನುವಾರ ಮತ್ತೆ ಹತ್ತು ಜನ ಹೊರಟಿದೀವಿ. ಕೈ ಮುರಿದಿರೋ ಈ ಐದು ಜನಾನ ಹಿಂದೆ ಕೂರಿಸ್ಕೋಬಹುದಾ?"

ಕಾಂಪೌಂಡರ್ ಹೊಸ ಪ್ಲಾಸ್ಟರ್ ಪಟ್ಟಿಯೊಂದನ್ನು ನೀರಿಗದ್ದಿ, ಲೀಡರನ ಬಲಗೈ ಹಿಡಿದು ಬಿಗಿಯಾಗಿ ಸುತ್ತತೊಡಗಿದ.

"ಅಯ್ಯೋ, ನನಗೇನೂ ಆಗಿಲ್ಲಣ್ಣ!"

"ಗೊತ್ತು. ಇನ್ನು ಒಂದೂವರೆ ತಿಂಗಳು ಬೇರೆ ಯಾರಿಗೂ ಏನೂ ಆಗಬಾರದು. ಕೈ ಅಲ್ಲಾಡಿಸಬೇಡ."